ಸಂಜೆಯ ರಿಪೋರ್ಟ್ ನಂಬಿ ಇಂಜೆಕ್ಷನ್ ಬೇಡ

ಪತ್ರ: ನನಗೆ 44 ವರ್ಷ. ಡೊಂಬಿವಲಿಯಲ್ಲಿ ಮನೆ, ಮುಂಬೈಯ ಫೋರ್ಟ್‌ನಲ್ಲಿ ಕೆಲಸ. ಒಂದು ವರ್ಷದಿಂದ ವಿಪರೀತ ಸುಸ್ತು, ಹೆಂಡತಿಯ ಕಡೆ ಮನಸ್ಸೇ ಹೋಗುತ್ತಿಲ್ಲ. ಆಫೀಸಿನಿಂದ ಬರುವಾಗ ಸ್ಟೇಷನ್ ಹತ್ತಿರದ ಲ್ಯಾಬ್‌ನಲ್ಲಿ ರಕ್ತ ಕೊಟ್ಟೆ. ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ 238 (ng/dL) ಎಂದು ಬಂತು. ಜಿಮ್ಮಿನ ಟ್ರೇನರ್ ಅದರ ಇಂಜೆಕ್ಷನ್ ತರಿಸಿಕೊಡುತ್ತೇನೆ ಎನ್ನುತ್ತಾನೆ. ಮಗಳಿಗೆ 4 ವರ್ಷ, ಇನ್ನೊಂದು ಮಗು ಬೇಕೆಂಬ ಆಸೆ ಇದೆ. ತೂಕ 92 ಕೆ.ಜಿ., ಶುಗರ್ ಗಡಿಯಲ್ಲಿದೆ, ನಿದ್ದೆ ಐದು ಗಂಟೆ, ಗೊರಕೆ ಬೇರೆ. ಹೆಂಡತಿಗೆ ರಿಪೋರ್ಟ್ ತೋರಿಸಿಲ್ಲ. ಏನು ಮಾಡಲಿ? (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ: ಇಂಜೆಕ್ಷನ್ ಇನ್ನೂ ಚುಚ್ಚಿಸಿಕೊಂಡಿಲ್ಲ ತಾನೆ? ಹಾಗಾದರೆ ಏನೂ ಕೆಟ್ಟಿಲ್ಲ. ನಾನು ಡಾಕ್ಟರ್ ಅಲ್ಲ, ಮದ್ದು ಹೇಳಲಾರೆ. ಆದರೆ ಮದ್ದಿಗಿಂತ ಮುಂಚೆ ಆಗಬೇಕಾದ ಕೆಲಸ ನಿಮ್ಮ ವಿಷಯದಲ್ಲಿ ಆಗಿಲ್ಲ. ಅದನ್ನಂತೂ ಹೇಳಬಲ್ಲೆ.

ಮೊದಲು ಆ 238. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಏರಿರುತ್ತದೆ, ಸಂಜೆಗೆ ಇಳಿಯುತ್ತದೆ. ಹೊಟ್ಟೆಗೆ ಏನಾದರೂ ಬಿದ್ದ ಮೇಲೂ ತಗ್ಗುತ್ತದೆ. ನೀವು ರಕ್ತ ಕೊಟ್ಟದ್ದು ಇಡೀ ದಿನ ದುಡಿದು, ಲೋಕಲ್ ರೈಲಿನಲ್ಲಿ ನಿಂತು ಬಂದ ಮೇಲೆ. ದಾರಿಯಲ್ಲಿ ಒಂದು ವಡಾಪಾವ್ ಕೂಡ ಆಗಿರಬಹುದು! ಖಾಲಿ ಹೊಟ್ಟೆಯಲ್ಲಿ, ಬೆಳಿಗ್ಗೆ 10ರೊಳಗೆ, ಬೇರೆ ಬೇರೆ ದಿನ ಎರಡು ಸಲ ಪರೀಕ್ಷೆ ಆಗಬೇಕು. ಎರಡು ಸಲವೂ ಕಡಿಮೆ ಬಂದು, ಜೊತೆಗೆ ನಿಮ್ಮಂಥ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎನ್ನುತ್ತಾರೆ. ಅಮೆರಿಕದ ಯುರಾಲಜಿಸ್ಟರ (ಮೂತ್ರರೋಗ ತಜ್ಞರ) ಸಂಘ ಹಾಕಿರುವ ಗೆರೆ 300, ಅದಕ್ಕಿಂತ ಕೆಳಗಿದ್ದರೆ ಕಡಿಮೆ. ಹಾಗಾಗಿ ನಿಮ್ಮ ಅಂಕಿಯನ್ನು ಸುಳ್ಳು ಎನ್ನುತ್ತಿಲ್ಲ. ಅದನ್ನು ನಂಬಿ ಮದ್ದು ಶುರು ಮಾಡುವಂತಿಲ್ಲ, ಅಷ್ಟೇ. ಲೋಕಲ್ ತಪ್ಪಿದರೂ ಸರಿ, ಎರಡು ದಿನ ಆಫೀಸಿಗೆ ತಡವಾಗಿ ಹೋಗಿ.

ಈಗ ಟ್ರೇನರ್ ಹೇಳದ ಮಾತು. ಮೆದುಳಿನ ಅಡಿಯಲ್ಲಿ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ ಇದೆ. ವೃಷಣಗಳಿಗೆ ಕೆಲಸ ಮಾಡು ಎಂದು ಹೇಳಿ ಕಳಿಸುವುದು ಅದೇ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ, ಸಾಕಷ್ಟಿದೆಯಲ್ಲ ಎಂದು ಅದು ಸುಮ್ಮನಾಗುತ್ತದೆ. ವೃಷಣಗಳೂ ಕೆಲಸ ನಿಲ್ಲಿಸುತ್ತವೆ. ವೀರ್ಯಾಣು ತೀರಾ ಇಳಿಯುತ್ತದೆ, ಎಷ್ಟೋ ಜನರಲ್ಲಿ ಸೊನ್ನೆಯೇ ಆಗುತ್ತದೆ. ಇಂಜೆಕ್ಷನ್ ಬಿಟ್ಟ ಮೇಲೆ ಸರಿಹೋಗಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಇನ್ನೊಂದು ಮಗು ಬೇಕು ಎನ್ನುವವರಿಗೆ ಇಂಥ ಸಲಹೆ ಕೊಡುವುದೇ? ಮಗುವಿನ ಆಸೆ ಇರುವವರಿಗೆ ಬೇರೆ ಬಗೆಯ ಮದ್ದುಗಳಿವೆ. ಆದ್ದರಿಂದ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಈ ಆಸೆಯನ್ನು. ಅಂದಹಾಗೆ, ಡಾಕ್ಟರ್ ಚೀಟಿ ಇಲ್ಲದೆ ಈ ಇಂಜೆಕ್ಷನ್ ಮಾರುವಂತೆಯೇ ಇಲ್ಲ. ಟ್ರೇನರ್ ಎಲ್ಲಿಂದ ತರಿಸುತ್ತಾನೋ! ಲೋಕಲ್ ರೈಲಿನ ಡಬ್ಬಿಯಲ್ಲಿ ಅಂಟಿಸಿದ ಜಾಹೀರಾತು ಚೀಟಿಗಳ ಶಕ್ತಿಪುಡಿಯನ್ನಂತೂ ಮರೆತೇ ಬಿಡಿ.

ನೀವು ನೋಡಬೇಕಾದ್ದು ಹಾರ್ಮೋನ್ ಡಾಕ್ಟರನ್ನು, ಅಂದರೆ ಎಂಡೋಕ್ರೈನಾಲಜಿಸ್ಟ್. ಖರ್ಚಿನ ಚಿಂತೆ ಇದ್ದರೆ ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲೇ ಇದಕ್ಕೆ ಪ್ರತ್ಯೇಕ ವಿಭಾಗ ಇದೆ. ಮಹಾನಗರ ಪಾಲಿಕೆಯ ಆಸ್ಪತ್ರೆ, ಕ್ಯೂ ಇರುತ್ತದೆ, ಕಾಯಬೇಕು. ಅಲ್ಲಿ ಎಲ್‌ಎಚ್, ಪ್ರೊಲ್ಯಾಕ್ಟಿನ್ (ಎರಡೂ ಪಿಟ್ಯುಟರಿಯ ಹಾರ್ಮೋನುಗಳು) ಎಂದೆಲ್ಲ ಇನ್ನಷ್ಟು ರಕ್ತ ಪರೀಕ್ಷೆ ಬರೆದರೆ ದುಡ್ಡು ಕೀಳುತ್ತಿದ್ದಾರೆ ಎಂದುಕೊಳ್ಳಬೇಡಿ. ತೊಂದರೆ ವೃಷಣದಲ್ಲೋ, ಪಿಟ್ಯುಟರಿಯಲ್ಲೋ ಎಂದು ತಿಳಿಯುವುದು ಅದರಿಂದಲೇ. ಥೈರಾಯ್ಡ್, ರಕ್ತಹೀನತೆ, ಖಿನ್ನತೆ ಇದ್ದರೂ ಇದೇ ಸುಸ್ತು ಬರುತ್ತದೆ.

ನಿಮ್ಮ ಪತ್ರ ಓದಿದರೆ ನನಗೆ ಜಾಸ್ತಿ ಅನುಮಾನ ನಿದ್ದೆ ಮತ್ತು ಹೊಟ್ಟೆಯ ಮೇಲೆ. 2011ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು 10 ಮಂದಿ ಆರೋಗ್ಯವಂತ ಯುವಕರಿಗೆ ಒಂದು ವಾರ ರಾತ್ರಿಗೆ 5 ಗಂಟೆ ಮಾತ್ರ ಮಲಗಲು ಬಿಟ್ಟು ನೋಡಿದರು. ಹಗಲಿನ ಟೆಸ್ಟೋಸ್ಟೆರಾನ್ ಶೇ. 10ರಿಂದ 15 ಇಳಿದಿತ್ತು. ಡೊಂಬಿವಲಿ-ಸಿಎಸ್‌ಎಂಟಿ ಸ್ಟೇಷನ್ ಓಡಾಟದವರಿಗೆ ಆ ಒಂದು ವಾರ ವರ್ಷಪೂರ್ತಿ ನಡೆಯುತ್ತದೆ, ಅಲ್ವಾ? ಬೊಜ್ಜು, ಶುಗರ್, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇವೂ ಹಾರ್ಮೋನನ್ನು ಇಳಿಸುತ್ತವೆ. ತೂಕ ಇಳಿದರೆ ಎಷ್ಟೋ ಜನರಲ್ಲಿ ಅದು ತಾನಾಗಿ ಏರುತ್ತದೆ. ವಯಸ್ಸಿನ ಮೇಲೆ ಎಲ್ಲವನ್ನೂ ಹಾಕಬೇಡಿ. ಯುರೋಪಿನಲ್ಲಿ 40ರಿಂದ 79 ವಯಸ್ಸಿನ ಗಂಡಸರನ್ನು ಪರೀಕ್ಷಿಸಿದಾಗ, ಲಕ್ಷಣವೂ ಇದ್ದು ಹಾರ್ಮೋನೂ ಇಳಿದಿದ್ದವರು ಶೇ. 2ರಷ್ಟು ಮಾತ್ರ.

ಎಲ್ಲ ನೋಡಿ, ಚಿಕಿತ್ಸೆ ಬೇಕು ಎಂದರೆ ನಾಚಿಕೆ ಬೇಡ. ನಿಜವಾಗಿ ಕೊರತೆ ಇರುವವರಿಗೆ ಅದರಿಂದ ಆಸಕ್ತಿ ಮರಳುತ್ತದೆ. ಹೃದಯದ ಅಪಾಯ ಇದ್ದ 5,200 ಗಂಡಸರ ಮೇಲೆ ಮೈಗೆ ಹಚ್ಚುವ ಟೆಸ್ಟೋಸ್ಟೆರಾನ್ ಜೆಲ್ ಬಳಸಿ ನಡೆಸಿದ ಅಧ್ಯಯನ 2023ರಲ್ಲಿ ಹೊರಬಂತು. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಎದೆಬಡಿತ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಜಾಸ್ತಿ ಕಂಡಿತು. ರಕ್ತ ಮಂದವಾಗುವುದೂ ಉಂಟು. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇ. 54 ದಾಟಿದರೆ ಮದ್ದು ನಿಲ್ಲಿಸುತ್ತಾರೆ. ಪ್ರಾಸ್ಟೇಟ್ ಮೇಲೂ ಕಣ್ಣಿಡಬೇಕು. ಜೆಲ್ ಕೊಟ್ಟರೆ ಹಚ್ಚಿದ ಜಾಗ ಮುಚ್ಚಿಕೊಳ್ಳಿ, ಕೈ ತೊಳೆಯಿರಿ. ಮಗಳನ್ನು ಎತ್ತಿಕೊಂಡಾಗ ಅವಳ ಮೈಗೆ ತಾಗಬಾರದು.

ಇನ್ನು ಪತ್ನಿಗೆ ಮುಚ್ಚಿಟ್ಟ ವಿಷಯ. ಒಂದು ವರ್ಷದಿಂದ ನೀವು ದೂರ ಸರಿದದ್ದು ಅವರಿಗೆ ಗೊತ್ತಾಗಿಲ್ಲ ಎಂದುಕೊಂಡಿದ್ದೀರಾ? ಕಾರಣ ಗೊತ್ತಿಲ್ಲದೆ ಅವರು ಏನೇನು ಊಹಿಸಿಕೊಂಡಿರಬಹುದು ನೋಡಿ. ಎರಡನೇ ಮಗುವಿನ ಲೆಕ್ಕದಲ್ಲಿ ಅವರ ವಯಸ್ಸೂ ಸೇರುತ್ತದೆ. ಈ ವಾರವೇ ಹೇಳಿ, ಡಾಕ್ಟರ್ ಹತ್ತಿರ ಜೊತೆಗೇ ಕರೆದುಕೊಂಡು ಹೋಗಿ. ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಅಲ್ಲಿ ಕೇಳುತ್ತಾರೆ. ಅದಕ್ಕೆ ನೀವಂತೂ ಉತ್ತರ ಕೊಡಲಾರಿರಿ.