ಸ್ವಂತ ಮನೆ ಬಾಡಿಗೆಗೆ, ನಾವೂ ಬಾಡಿಗೆಗೆ

ಪ್ರಶ್ನೆ: ಯಲಹಂಕದಲ್ಲಿ ನಮ್ಮ ಸ್ವಂತ ಫ್ಲಾಟ್ ಇದೆ, ಲೋನ್ ಇನ್ನೂ ನಡೀತಿದೆ. ಆಫೀಸು ಎಲೆಕ್ಟ್ರಾನಿಕ್ ಸಿಟೀಲಿ, ಹಾಗಾಗಿ ಅಲ್ಲೇ ಹತ್ರ ಬಾಡಿಗೆಗೆ ಬಂದು ಫ್ಲಾಟ್‌ನ 20,000ಕ್ಕೆ ಕೊಟ್ಟಿದೀವಿ. ಒಂದೇ ಊರಲ್ಲಿ ಸ್ವಂತ ಮನೆ ಇದ್ರೆ ಎಚ್‌ಆರ್‌ಎ (ಸಂಬಳದಲ್ಲಿ ಬರೋ ಮನೆ ಬಾಡಿಗೆ ಭತ್ಯೆ) ಮೇಲೆ ತೆರಿಗೆ ವಿನಾಯ್ತಿ ಸಿಗಲ್ಲ ಅಂತಾರೆ, ನಿಜಾನಾ?

ಉತ್ತರ: ಇಲ್ಲ ಕಣಮ್ಮ, ಸಿಗುತ್ತೆ. ನೀವಿರೋ ಮನೆ ನಿಮ್ಮದಲ್ಲ, ಅದಕ್ಕೆ ನಿಜವಾಗ್ಲೂ ಬಾಡಿಗೆ ಕಟ್ತಿದೀರ, ಅಷ್ಟು ಸಾಕು. ಆದ್ರೆ ಇದು ಹಳೇ ತೆರಿಗೆ ಪದ್ಧತೀಲಿ ಮಾತ್ರ, ಹೊಸದ್ರಲ್ಲಿ ಎಚ್‌ಆರ್‌ಎ ವಿನಾಯ್ತೀನೇ ಇಲ್ಲ. ಬಾಡಿಗೆ ಬ್ಯಾಂಕ್ ಮೂಲಕಾನೇ ಕಟ್ಟಿ, ವರ್ಷಕ್ಕೆ 1 ಲಕ್ಷ ದಾಟಿದ್ರೆ ಓನರ್ ಪ್ಯಾನ್ ಕೇಳಿ ಇಟ್ಕೊಳ್ಳಿ.

ಇನ್ನು ನಿಮಗೆ ಬರೋ ಬಾಡಿಗೆ, ಅದನ್ನ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸ್ಲೇಬೇಕು, ಬಹಳ ಜನ ಮರೆಯೋದು ಇದನ್ನೇ. ವರ್ಷಕ್ಕೆ 2,40,000 ಬರುತ್ತೆ, ನೀವು ಕಟ್ಟಿದ ಆಸ್ತಿ ತೆರಿಗೆ 8,000 ಅಂತಿಟ್ಕೊಳ್ಳಿ, ಉಳೀತು 2,32,000, ಅದ್ರಲ್ಲಿ ಶೇಕಡ 30 ಅಂದ್ರೆ 69,600 ರಿಪೇರಿ ಮಾಡಿಸ್ಲಿ ಬಿಡ್ಲಿ ಹಾಗೇ ಕಳೀತಾರೆ, ಮಿಕ್ಕ 1,62,400ರಿಂದ ಲೋನಿನ ಬಡ್ಡೀನೂ ಕಳೀಬಹುದು. ಬಡ್ಡಿ ಅದಕ್ಕಿಂತ ಜಾಸ್ತಿ ಇದ್ರೆ ಆ ನಷ್ಟನ ಹಳೇ ಪದ್ಧತೀಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಜೊತೆ ಹೊಂದಿಸ್ಬಹುದು, ಹೊಸದ್ರಲ್ಲಿ ಆಗಲ್ಲ. ಎರಡೂ ಲೆಕ್ಕ ಹಾಕಿ ನೋಡ್ದೆ ಪದ್ಧತಿ ಆರಿಸ್ಬೇಡಿ.

ಹಾಂ, ಬೆಂಗಳೂರಲ್ಲಿ ಬಾಡಿಗೆಗೆ ಕೊಟ್ಟ ಮನೆಗೆ ಆಸ್ತಿ ತೆರಿಗೆ ದರಾನೇ ಬೇರೆ, ಜಾಸ್ತಿ. ಸ್ವಂತ ವಾಸ ಅಂತ ಹಾಕಿದ್ರೆ ಈ ವರ್ಷಾನೇ ಸರಿಮಾಡಿಸಿ.