ಇಂಗ್ಲೆಂಡಿನಲ್ಲಿ ಎಲ್‌ಎಲ್‌ಬಿ ಮುಗಿಸಿದವರು ಪುಣೆಯಲ್ಲಿ ವಕೀಲಿ ಮಾಡಲು ಯಾವ ಪರೀಕ್ಷೆಗಳನ್ನು ಬರೆಯಬೇಕು?

ನಮಸ್ಕಾರ. ನಿಮ್ಮ ಮಗಳು ಹನ್ನೆರಡನೆಯ ತರಗತಿ ಮುಗಿದ ಕೂಡಲೇ ಇಂಗ್ಲೆಂಡಿಗೆ ಹೋಗಿದ್ದು ಈಗ 3 ವರ್ಷದ ಎಲ್‌ಎಲ್‌ಬಿಯ ಕೊನೆಯ ವರ್ಷದಲ್ಲಿದ್ದಾಳೆ, ಮರಳಿ ಬಂದು ಪುಣೆಯ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಮಾಡುವ ಆಸೆ ಆಕೆಗಿದೆ ಎಂದು ಬರೆದಿದ್ದೀರಿ. ಎಐಬಿಇ, ಅಂದರೆ ಅಖಿಲ ಭಾರತ ಬಾರ್ ಪರೀಕ್ಷೆ, ಒಂದೇ ಸಾಕೇ, ಅಥವಾ ಇನ್ನೊಂದು ವರ್ಷ ಅಲ್ಲಿಯೇ ಉಳಿದು ಬ್ಯಾರಿಸ್ಟರ್ ಆಗಿ ಬಂದರೆ ಇಲ್ಲಿನ ಪರೀಕ್ಷೆಗಳು ತಪ್ಪುತ್ತವೆಯೇ ಎಂಬುದು ನಿಮ್ಮ ಪ್ರಶ್ನೆ. ಎರಡಕ್ಕೂ ಉತ್ತರ ‘ಇಲ್ಲ’ ಎಂದೇ. ನಾನು ಡೊಂಬಿವಲಿಯಲ್ಲಿ ಬೆಳೆದವಳು, ಕುಂದಾಪುರದ ಕಡೆಯವರ ಮಗಳು. ನಿಮ್ಮ ಮಗಳು ಹಿಡಿದಿರುವ ದಾರಿಯಲ್ಲಿಯೇ ಹೋಗಿ ಬಂದು, ಈಗ ಮುಂಬಯಿಯ ಸಿಟಿ ಸಿವಿಲ್ ಕೋರ್ಟಿನಲ್ಲಿಯೂ ಹೈಕೋರ್ಟಿನಲ್ಲಿಯೂ ಕೆಲಸ ಮಾಡುತ್ತಿದ್ದೇನೆ. ಆದ್ದರಿಂದ ನನಗೆ ತಿಳಿದಷ್ಟನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಬ್ಯಾರಿಸ್ಟರ್ ವಿಚಾರವನ್ನು ಮುಗಿಸಿಬಿಡೋಣ, ಏಕೆಂದರೆ ಅದಕ್ಕೆ ನೀವು ದೊಡ್ಡ ಮೊತ್ತ ತೆರಬೇಕಾಗುತ್ತದೆ. ನಮ್ಮ ಹಿರಿಯರ ಮನಸ್ಸಿನಲ್ಲಿ ‘ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದವರು’ ಎಂಬ ಮಾತಿಗೆ ಇಂದಿಗೂ ಒಂದು ತೂಕವಿದೆ. ಒಂದು ಕಾಲದಲ್ಲಿ ಅದು ಸರಿಯಾಗಿಯೇ ಇತ್ತು. 1961ರ ವಕೀಲರ ಕಾಯ್ದೆಯ 24ನೇ ಕಲಮು ಬ್ಯಾರಿಸ್ಟರುಗಳನ್ನು ನೇರವಾಗಿ ವಕೀಲರೆಂದು ನೋಂದಾಯಿಸಿಕೊಳ್ಳಲು ಅವಕಾಶ ಕೊಡುತ್ತದೆ, ಆದರೆ 1976ರ ಡಿಸೆಂಬರ್ 31ರೊಳಗೆ ಬ್ಯಾರಿಸ್ಟರ್ ಆದವರಿಗೆ ಮಾತ್ರ. ಅದರ ನಂತರದವರಿಗೆ ಆ ಬಾಗಿಲು ಮುಚ್ಚಿ ಅರ್ಧ ಶತಮಾನವೇ ಆಗುತ್ತ ಬಂದಿದೆ. ಇಂಗ್ಲೆಂಡಿನಲ್ಲಿಯೇ ಬ್ಯಾರಿಸ್ಟರ್ ಆಗಿ ವೃತ್ತಿ ನಡೆಸುವ ಉದ್ದೇಶವಿದ್ದರೆ ಬಾರ್ ಕೋರ್ಸು ಅಗತ್ಯ, ಅದರ ಮೇಲೆ ಪ್ಯೂಪಿಲೇಜ್ ಎಂಬ ತರಬೇತಿಯೂ ಸಿಗಬೇಕು, ಆ ಸ್ಥಾನಗಳಿಗೆ ಪೈಪೋಟಿ ಬಹಳ. ಪುಣೆಯಲ್ಲಿ ವಕೀಲಿ ಮಾಡುವುದೇ ನಿಶ್ಚಯವಾಗಿದ್ದರೆ, ಇಲ್ಲಿನ ಪರೀಕ್ಷೆ ತಪ್ಪಿಸಿಕೊಳ್ಳುವುದಕ್ಕೆಂದು ಆ ಹಣ ಖರ್ಚು ಮಾಡಬೇಡಿ. ಮುಂಬಯಿಯಲ್ಲಿ ‘ಸಾಲಿಸಿಟರ್ ಪರೀಕ್ಷೆ’ ಎಂಬ ಇನ್ನೊಂದು ಮಾತನ್ನೂ ನೀವು ಕೇಳಬಹುದು. ಅದು ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿ ಎಂಬ ಹಳೆಯ ಸಂಸ್ಥೆ ನಡೆಸುವ ಪರೀಕ್ಷೆ. ಅದಕ್ಕೆ ತನ್ನದೇ ಮರ್ಯಾದೆಯಿದೆಯಾದರೂ ವಕೀಲಿ ಮಾಡಲು ಅದು ಬೇಕಾಗಿಲ್ಲ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ವಿದೇಶಿ ಪದವೀಧರರ ವಿಷಯದಲ್ಲಿ ಜನರು ಪರೀಕ್ಷೆಯ ಬಗ್ಗೆಯೇ ಕೇಳುತ್ತಾರೆ. ಆದರೆ ಪರೀಕ್ಷೆಗಿಂತ ಮೊದಲು ನೋಡಬೇಕಾದದ್ದು ಪದವಿಯ ಅವಧಿ. ಭಾರತೀಯ ವಕೀಲರ ಪರಿಷತ್ತು, ಅಂದರೆ ನಾವೆಲ್ಲ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಎನ್ನುವ ಸಂಸ್ಥೆ, ತನ್ನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಎರಡೇ ದಾರಿಗಳನ್ನು ಒಪ್ಪುತ್ತದೆ: ಒಂದು ಪದವಿ ಮುಗಿಸಿ ಅದರ ಮೇಲೆ 3 ವರ್ಷ ಕಾನೂನು ಓದುವುದು, ಇಲ್ಲವೇ ಹನ್ನೆರಡನೆಯ ತರಗತಿಯ ಮೇಲೆ 5 ವರ್ಷದ ಸಂಯುಕ್ತ ಕೋರ್ಸು ಓದುವುದು. ನಿಮ್ಮ ಮಗಳು ಹನ್ನೆರಡರ ಮೇಲೆ ನೇರವಾಗಿ 3 ವರ್ಷ ಓದಿದ್ದಾಳೆ. ಇಂಗ್ಲೆಂಡಿನಲ್ಲಿ ಅದು ಸಂಪೂರ್ಣ ಪದವಿಯೇ, ಅದರ ಗುಣಮಟ್ಟದಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಇಲ್ಲಿನ ಲೆಕ್ಕದಲ್ಲಿ 2 ವರ್ಷ ಕಡಿಮೆ ಬೀಳುತ್ತದೆ, ಆ ಕೊರತೆಯನ್ನು ತುಂಬುವುದಕ್ಕಾಗಿಯೇ ಬ್ರಿಡ್ಜ್ ಕೋರ್ಸ್ ಇರುವುದು. ಇಲ್ಲಿ ಬಿ.ಎ. ಅಥವಾ ಬಿ.ಕಾಂ. ಮುಗಿಸಿ ಆಮೇಲೆ ಅಲ್ಲಿ 3 ವರ್ಷದ ಎಲ್‌ಎಲ್‌ಬಿ ಓದಿದವರಿಗೆ ಅವಧಿಯ ಈ ಕೊರತೆ ಇರುವುದಿಲ್ಲ. ಒಂದೇ ವಿಶ್ವವಿದ್ಯಾಲಯದಿಂದ ಮರಳಿದ ಇಬ್ಬರು ಗೆಳತಿಯರಿಗೆ ಇಲ್ಲಿ ಬೇರೆ ಬೇರೆ ಉತ್ತರ ಸಿಗುವುದು ಈ ಕಾರಣದಿಂದಲೇ. ಆದುದರಿಂದ ನೆರೆಮನೆಯವರ ಮಗನ ಅನುಭವವನ್ನು ನಿಮ್ಮ ಮಗಳಿಗೆ ಅನ್ವಯಿಸುವ ಮುನ್ನ ಅವನು ಹೋಗುವಾಗ ಏನು ಓದಿದ್ದ ಎಂದು ಕೇಳಿ ನೋಡಿ.

ಈ ಒಂದು ಸಂಗತಿಯನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ. ಠಾಣೆಯ ಒಂದು ಸಲಹಾ ಕೇಂದ್ರದಲ್ಲಿ ನನ್ನ ತಂದೆಯವರು, ‘ಈ ಪದವಿಯಿಂದ ಮುಂಬಯಿಯಲ್ಲಿ ವಕೀಲಿ ಮಾಡಬಹುದೇ?’ ಎಂದು ಎರಡು ಸಲ ಸ್ಪಷ್ಟವಾಗಿ ಕೇಳಿದ್ದರು. ಅಲ್ಲಿಯವರು ವಿಶ್ವವಿದ್ಯಾಲಯದ ಹೆಸರು ಬಾರ್ ಕೌನ್ಸಿಲಿನ ಪಟ್ಟಿಯಲ್ಲಿ ಇರುವುದನ್ನು ತೋರಿಸಿ, ‘ಮಾನ್ಯತೆ ಇದೆಯಲ್ಲ ಸರ್’ ಎಂದರು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇರುವುದು ಒಂದು, ನೀವು ಪಡೆದ ನಿರ್ದಿಷ್ಟ ಪದವಿ ಇಲ್ಲಿನ ಪದವಿಗೆ ಸಮಾನವೆಂದು ಒಪ್ಪಿಗೆಯಾಗುವುದು ಇನ್ನೊಂದು. ತಂದೆಯವರು ಬ್ಯಾಂಕಿನ ಸಾಲದ ಕಂತು ಕಟ್ಟುತ್ತಿದ್ದಾಗಲೇ ನಾನು ಮತ್ತೆ 2 ವರ್ಷ ವಿದ್ಯಾರ್ಥಿನಿಯಾಗಬೇಕಾಯಿತು. ಆ ದಿನಗಳಲ್ಲಿ ಅವರು ನನ್ನೆದುರು ಒಂದು ಮಾತೂ ಆಡಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ, ಅದಕ್ಕಾಗಿಯೇ ಇಂಥ ಪ್ರಶ್ನೆ ಕಂಡಲ್ಲೆಲ್ಲ ಉತ್ತರಿಸುತ್ತೇನೆ.

ಆದ್ದರಿಂದ ಮಗಳು ಮರಳಿದ ಮೇಲೆ ಮೊದಲ ಅರ್ಜಿ ಹೋಗಬೇಕಾದದ್ದು ಮುಂಬಯಿಗಲ್ಲ, ದೆಹಲಿಯಲ್ಲಿರುವ ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ. ಅಲ್ಲಿಂದ ಆಕೆಯ ಹೆಸರಿಗೆ, ಆಕೆಯ ಪದವಿಗೆ ಸಂಬಂಧಿಸಿದಂತೆ, ಬ್ರಿಡ್ಜ್ ಕೋರ್ಸು ಬೇಕೋ ಬೇಡವೋ, ವಿದೇಶಿ ಪದವೀಧರರಿಗೆಂದೇ ಇರುವ ಅರ್ಹತಾ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಆ ಪತ್ರ ಕೈಗೆ ಬರುವ ತನಕ ಯಾವ ಕೋಚಿಂಗಿಗೂ ಹಣ ಕಟ್ಟಬೇಡಿ, ಯಾವ ಕಾಲೇಜಿಗೂ ಸೇರಿಸಬೇಡಿ. ಬ್ರಿಡ್ಜ್ ಕೋರ್ಸನ್ನು ಕೌನ್ಸಿಲಿನ ಒಪ್ಪಿಗೆಯಿರುವ ಸಂಸ್ಥೆಯಲ್ಲಿ ಮಾಡಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ನಾನು ಆ ಕೋರ್ಸನ್ನು ಗೋವಾದಲ್ಲಿ ಮಾಡಿದೆ. ಮೊದಲ ತಿಂಗಳು ನನಗೆ ಅವಮಾನವೆನಿಸುತ್ತಿತ್ತು. ಕರಾರು ಕಾನೂನು, ಅಪಕೃತ್ಯ ಕಾನೂನು, ನ್ಯಾಯಶಾಸ್ತ್ರ ಎಲ್ಲವನ್ನೂ ಓದಿ ಬಂದವಳಿಗೆ ಮತ್ತೇನು ಕಲಿಸುತ್ತಾರೆ ಎಂಬ ಭಾವನೆ. ಆ ಭಾವನೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮುಂದೆ ಕುಳಿತ ದಿನ ಹೋಯಿತು. ದಾವೆಯನ್ನು ಯಾವ ಕೋರ್ಟಿನಲ್ಲಿ ಹೂಡಬೇಕು, ಪ್ರತಿವಾದಿಯ ಲಿಖಿತ ಉತ್ತರವಾದ ಕೈಫಿಯತ್ತು ಸಲ್ಲಿಸಲು ಎಷ್ಟು ದಿನ, ತಡೆಯಾಜ್ಞೆ ಕೇಳುವಾಗ ಏನನ್ನು ತೋರಿಸಬೇಕು, ಅವಧಿ ಮೀರಿದ ದಾವೆಯನ್ನು ಉಳಿಸಿಕೊಳ್ಳುವ ದಾರಿ ಇದೆಯೇ, ಇವು ಯಾವುವೂ ಇಂಗ್ಲೆಂಡಿನ ಪದವಿಯಲ್ಲಿ ಇರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. 1891ರಲ್ಲಿ ಬ್ಯಾರಿಸ್ಟರ್ ಆಗಿ ಮುಂಬಯಿಗೆ ಬಂದ ಗಾಂಧೀಜಿಯವರೂ ಇಲ್ಲಿ ಬಂದ ಮೇಲೆಯೇ ಭಾರತದ ಕಾನೂನನ್ನು ಓದಲು ಕುಳಿತರು. ಸಾಕ್ಷ್ಯ ಕಾಯ್ದೆ ಅವರಿಗೆ ಹಿಡಿಸಿತು, ಸಿವಿಲ್ ಪ್ರಕ್ರಿಯಾ ಸಂಹಿತೆ ಹಿಡಿಸಲಿಲ್ಲ. ಸಣ್ಣ ದಾವೆಗಳ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ತಮ್ಮ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ಅವರಿಗೆ ಮಾತೇ ಹೊರಡಲಿಲ್ಲ. ಅದೇ ಕೋರ್ಟಿನ ಮೆಟ್ಟಿಲು ಹತ್ತುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಗೋವಾದಲ್ಲಿದ್ದುದರಿಂದ ಇನ್ನೊಂದು ಲಾಭವೂ ಆಯಿತು. ಕುಟುಂಬ ಮತ್ತು ಉತ್ತರಾಧಿಕಾರದ ವಿಷಯಗಳಲ್ಲಿ ಅಲ್ಲಿ ಪೋರ್ಚುಗೀಸರ 1867ರ ಸಿವಿಲ್ ಸಂಹಿತೆಯಿಂದ ಬಂದ ಕಾನೂನು ಈಗಲೂ ನಡೆಯುತ್ತದೆ, ತೀರಿಕೊಂಡವರ ಆಸ್ತಿ ಹಂಚಿಕೆಗೆ ‘ಇನ್‌ವೆಂಟರಿ’ ಎಂಬ ಪ್ರತ್ಯೇಕ ಪ್ರಕ್ರಿಯೆಯೇ ಇದೆ. ಒಂದೇ ಹೈಕೋರ್ಟಿನ ವ್ಯಾಪ್ತಿಯಲ್ಲಿದ್ದರೂ ಮುಂಬಯಿಯ ಹಿರಿಯ ವಕೀಲರಿಗೂ ಅದು ಹೊಸದು. ಯಾವ ನೆಲದಲ್ಲಿ ವಾದಿಸುತ್ತೇವೆಯೋ ಆ ನೆಲದ ಕಾನೂನನ್ನು ಅಲ್ಲಿಯೇ ಕಲಿಯಬೇಕೆಂಬುದನ್ನು ಆಮೇಲೆ ನಾನು ಪ್ರಶ್ನಿಸಲಿಲ್ಲ.

ಅರ್ಹತಾ ಪರೀಕ್ಷೆಗೂ ಎಐಬಿಇಗೂ ವ್ಯತ್ಯಾಸವಿದೆ, ಇವೆರಡನ್ನು ಒಂದೇ ಎಂದು ತಿಳಿಯುವವರು ಬಹಳ. ಅರ್ಹತಾ ಪರೀಕ್ಷೆ ವಿದೇಶಿ ಪದವಿ ಪಡೆದ ಭಾರತೀಯರಿಗೆ ಮಾತ್ರ, ಅದನ್ನು ಸನದಿಗಿಂತ, ಅಂದರೆ ವಕೀಲರೆಂದು ನೋಂದಣಿಯಾಗುವುದಕ್ಕಿಂತ, ಮೊದಲು ಬರೆಯಬೇಕು. ಸಂವಿಧಾನ, ಸಿವಿಲ್ ಮತ್ತು ಕ್ರಿಮಿನಲ್ ಪ್ರಕ್ರಿಯೆ, ಕರಾರು, ಕಂಪನಿ ಕಾನೂನು, ವೃತ್ತಿಯ ನಡತೆ ಇವು ಅದರ ವಿಷಯಗಳು. ಎಐಬಿಇ ಎಲ್ಲರಿಗೂ ಇದೆ, ಪುಣೆಯ ಐಎಲ್‌ಎಸ್ ಕಾಲೇಜಿನಲ್ಲಿ ಓದಿದವರಿಗೂ ಇದೆ, ಅದನ್ನು ಸಾಮಾನ್ಯವಾಗಿ ಸನದಿನ ನಂತರ ಬರೆಯುತ್ತಾರೆ. ಬ್ರಿಡ್ಜ್ ಕೋರ್ಸಿನ ಪರೀಕ್ಷೆಗಳನ್ನೆಲ್ಲ ಬರೆದವರು ಮತ್ತೆ ಅರ್ಹತಾ ಪರೀಕ್ಷೆಯನ್ನೂ ಏಕೆ ಬರೆಯಬೇಕೆಂಬ ಪ್ರಶ್ನೆ ಹೈಕೋರ್ಟುಗಳ ತನಕ ಹೋಗಿದೆ, ಕರ್ನಾಟಕ ಹೈಕೋರ್ಟು ಒಂದು ಪ್ರಕರಣದಲ್ಲಿ ಅಭ್ಯರ್ಥಿಯ ಪರವಾಗಿ ತೀರ್ಪು ಕೊಟ್ಟಿದೆ. ನಾನು ಎರಡನ್ನೂ ಬರೆದೆ. ಎರಡೆರಡು ಸಲ ಅಳೆಯುವುದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ. ಆದರೂ ಮಗಳು ತನ್ನ ಸಿದ್ಧತೆಯನ್ನು ನ್ಯಾಯಾಲಯದ ತೀರ್ಪಿಗೆ ಕಟ್ಟಿಹಾಕದೆ ಪರೀಕ್ಷೆ ಇದೆಯೆಂದೇ ಓದುತ್ತಿರಲಿ, ವಿನಾಯಿತಿ ಸಿಕ್ಕಿದರೆ ಓದಿದ್ದು ಎಲ್ಲಿಗೂ ಹೋಗುವುದಿಲ್ಲ.

ಪುಸ್ತಕಗಳ ಬಗ್ಗೆ ಒಂದು ಎಚ್ಚರಿಕೆ. ಪುಣೆಯ ಅಪ್ಪಾ ಬಳವಂತ್ ಚೌಕದಲ್ಲಿ ಹಳೆಯ ಗೈಡುಗಳು ಅಗ್ಗವಾಗಿ ಸಿಗುತ್ತವೆ, ಕ್ರಿಮಿನಲ್ ಕಾನೂನಿಗೆ ಮಾತ್ರ ಅವುಗಳನ್ನು ನಂಬಬೇಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಕೊಲೆಗೆ 302 ಹೋಗಿ 103 ಬಂದಿದೆ, ವಂಚನೆಯ 420 ಈಗ 318. ಆದರೆ ಆ ದಿನಾಂಕಕ್ಕಿಂತ ಹಿಂದಿನ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯವಾಗುವುದರಿಂದ ಕೋರ್ಟಿನಲ್ಲಿ ಇನ್ನೂ ಬಹಳ ವರ್ಷ ಎರಡೂ ಬೇಕಾಗುತ್ತವೆ. ಹೊಸ ಬೇರ್ ಆಕ್ಟುಗಳನ್ನು, ಅಂದರೆ ವ್ಯಾಖ್ಯಾನವಿಲ್ಲದ ಕಾಯ್ದೆಯ ಮೂಲ ಪಠ್ಯಗಳನ್ನು, ಕೊಂಡು, ಹಳೆಯ ಕಲಮಿನ ಸಂಖ್ಯೆಯನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತ ಓದುವುದು ಒಳ್ಳೆಯ ಅಭ್ಯಾಸ. ಎಐಬಿಇಗೆ ಹೋಗುವಾಗ ಮಾತ್ರ ಟಿಪ್ಪಣಿಯಿಲ್ಲದ ಬೇರೆ ಪ್ರತಿ ಒಯ್ಯಬೇಕು.

ಸನದಿಗೆ ಅರ್ಜಿ ಹಾಕಬೇಕಾದದ್ದು ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲಿಗೆ, ಅದರ ಕಚೇರಿ ಮುಂಬಯಿಯ ಫೋರ್ಟಿನಲ್ಲಿ ಹೈಕೋರ್ಟಿನ ಬಳಿಯೇ ಇದೆ. ಹಿಂದೆ ರಾಜ್ಯ ಕೌನ್ಸಿಲುಗಳು ನೋಂದಣಿಗೆ ಹಲವು ಸಾವಿರ ರೂಪಾಯಿ ಪಡೆಯುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಹೇಳಿರುವುದಕ್ಕಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಕಾಯ್ದೆಯಲ್ಲಿರುವುದು ರಾಜ್ಯ ಕೌನ್ಸಿಲಿಗೆ 600, ಭಾರತೀಯ ಕೌನ್ಸಿಲಿಗೆ 150, ಒಟ್ಟು 750 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಮಧ್ಯವರ್ತಿಗಳು ಇದಕ್ಕಿಂತ ಹೆಚ್ಚಿನ ಮೊತ್ತ ಹೇಳಿದರೆ ರಸೀದಿ ಕೇಳಿ.

ಸನದು ಕೈಗೆ ಬಂದ ಮೇಲೆ 2 ವರ್ಷದೊಳಗೆ ಎಐಬಿಇ ಪಾಸಾಗಬೇಕು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಈ ಪರೀಕ್ಷೆಯನ್ನು ಎತ್ತಿಹಿಡಿದಿದೆ. ಅದರಲ್ಲಿ 100 ಬಹು ಆಯ್ಕೆಯ ಪ್ರಶ್ನೆಗಳಿದ್ದು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಕನ್ನಡ, ಮರಾಠಿ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಅದನ್ನು ಬರೆಯಬಹುದು. ಅರ್ಹತಾ ಪರೀಕ್ಷೆ ದಾಟಿದವರಿಗೆ ಇದರ ಭಯ ಬೇಡ.

ಈ ವರ್ಷಗಳಲ್ಲಿ ಆಕೆ ಸುಮ್ಮನೆ ಕಾಯಬೇಕಾಗಿಲ್ಲ. ಸನದಿಲ್ಲದೆ ವಕಾಲತ್ತಿಗೆ ಸಹಿ ಹಾಕುವಂತಿಲ್ಲ, ಕಪ್ಪು ಕೋಟು ತೊಟ್ಟು ಕೋರ್ಟಿನ ಮುಂದೆ ನಿಲ್ಲುವಂತಿಲ್ಲ. ಆದರೆ ರಜೆಯಲ್ಲಿ ಯಾರಾದರೂ ಹಿರಿಯ ವಕೀಲರ ಕಚೇರಿಯಲ್ಲಿ ಕುಳಿತು ಕಡತ ಓದಬಹುದು. ಹಾಗೆ ಓದುವಾಗ ಮರಾಠಿಯನ್ನು ಗಂಭೀರವಾಗಿ ಕಲಿಯಲಿ. ನಮ್ಮ ಕನ್ನಡ ಮನೆಗಳ ಮಕ್ಕಳಿಗೆ ಇಲ್ಲಿ ಬೀದಿಯ ಮರಾಠಿ ಚೆನ್ನಾಗಿ ಬರುತ್ತದೆ. ಆದರೆ ಜಿಲ್ಲಾ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿಕೆ, ಮೊಕದ್ದಮೆಯ ದಿನವಹಿ ದಾಖಲೆಯಾದ ರೋಜನಾಮಾ, ನಮ್ಮ ಪಹಣಿಯಂತಿರುವ ಸಾತ್‌ಬಾರಾ ಉತಾರಾ ಎಲ್ಲವೂ ಇರುವುದು ಕಚೇರಿಯ ಮರಾಠಿಯಲ್ಲಿ. ‘ಕೈಫಿಯತ್ತು’, ‘ವಾದಿ’, ‘ಪ್ರತಿವಾದಿ’ ಮುಂತಾದ ಹಲವು ಪದಗಳು ಉತ್ತರ ಕರ್ನಾಟಕದ ಕೋರ್ಟುಗಳಲ್ಲಿಯೂ ಹಾಗೆಯೇ ಬಳಕೆಯಲ್ಲಿರುವುದರಿಂದ, ಮನೆಯಲ್ಲಿ ಕನ್ನಡ ಓದುವ ಅಭ್ಯಾಸವಿದ್ದರೆ ಆ ಕಲಿಕೆ ಬೇಗ ಆಗುತ್ತದೆ.

ಕೊನೆಯದಾಗಿ, ಆಕೆ ಇಂಗ್ಲೆಂಡ್ ಬಿಡುವ ಮುನ್ನವೇ ಮಾಡಿಸಬೇಕಾದ ಕೆಲಸ. ಪದವಿ ಪ್ರಮಾಣಪತ್ರ ಮತ್ತು ಪ್ರತಿ ವರ್ಷದ ಅಂಕಪಟ್ಟಿಗೆ ಅಲ್ಲಿನ ವಿದೇಶಾಂಗ ಇಲಾಖೆಯಿಂದ ದೃಢೀಕರಣದ ಅಪೊಸ್ಟಿಲ್ ಮುದ್ರೆ ಹಾಕಿಸಲಿ. ಕೋರ್ಸನ್ನು ತರಗತಿಗೆ ಹಾಜರಾಗಿ ಪೂರ್ಣಾವಧಿ ಓದಿದ್ದಾಳೆ, ಯಾವಾಗ ಸೇರಿ ಯಾವಾಗ ಮುಗಿಸಿದಳು ಎಂಬುದನ್ನು ವಿಶ್ವವಿದ್ಯಾಲಯದ ಶಿರೋನಾಮೆಯ ಕಾಗದದ ಮೇಲೆ ಬರೆಸಿಕೊಳ್ಳಲಿ, ಏಕೆಂದರೆ ದೂರ ಶಿಕ್ಷಣದ ಕಾನೂನು ಪದವಿಯನ್ನು ಇಲ್ಲಿ ಒಪ್ಪುವುದಿಲ್ಲ. ಪ್ರತಿ ವಿಷಯದ ಪಠ್ಯಕ್ರಮದ ಪ್ರತಿಯನ್ನೂ ತೆಗೆದಿಟ್ಟುಕೊಳ್ಳಲಿ. ನಾನು ಇವನ್ನು ಮರೆತು ಬಂದು, ಡೊಂಬಿವಲಿಯಿಂದ ಮಿಂಚಂಚೆ ಬರೆಯುತ್ತ 4 ತಿಂಗಳು ಕಳೆದೆ. ಅಲ್ಲಿಯೇ ಇದ್ದಾಗ ಅದು ಒಂದು ವಾರದ ಕೆಲಸ.