ಏಲಿಯನ್ ಸಿನಿಮಾ ಸರಣಿಯ ಕಾಮಿಕ್ಸ್‌ಗಳನ್ನು ಮೂಲ ಕಥೆಯ ಭಾಗವೆಂದು ಪರಿಗಣಿಸಬಹುದೇ? ತುಮಕೂರಿನ ಅಂಗಡಿಗಳಲ್ಲಿ ಅವು ಸಿಗುತ್ತಿಲ್ಲ, ಎಲ್ಲಿ ಸಿಗಬಹುದು?

ಪೂರ್ತಿಯಾಗಿ ಪರಿಗಣಿಸಲಾಗದು, ಸಿನಿಮಾ ಮತ್ತು ಕಾಮಿಕ್ಸ್ ಬೇರೆ ಬೇರೆ ಮಾತು ಹೇಳಿದಾಗ ಸಾಮಾನ್ಯವಾಗಿ ಸಿನಿಮಾದ ಮಾತೇ ನಿಲ್ಲುತ್ತದೆ. ಇದಕ್ಕೆ ಸ್ಪಷ್ಟ ಉದಾಹರಣೆ ಡಾರ್ಕ್ ಹಾರ್ಸ್ ಎಂಬ ಅಮೆರಿಕದ ಪ್ರಕಾಶನ ಸಂಸ್ಥೆ 1988ರಲ್ಲಿ ಆರಂಭಿಸಿದ ಕಾಮಿಕ್ಸ್ ಸರಣಿ. ಎರಡನೆಯ ಚಿತ್ರವಾದ 1986ರ ಏಲಿಯನ್ಸ್‌ನ ಕೊನೆಯಲ್ಲಿ ಬದುಕುಳಿದ ಬಾಲಕಿ ನ್ಯೂಟ್ ಬೆಳೆದು ದೊಡ್ಡವಳಾದ ಮೇಲೆ ಅವಳಿಗೂ ಸೈನಿಕ ಹಿಕ್ಸ್‌ಗೂ ಏನಾಯಿತೆಂಬುದನ್ನು ಅದು ಚಿತ್ರಿಸಿತ್ತು. ಆದರೆ 1992ರ ಮೂರನೆಯ ಚಿತ್ರವು ಆರಂಭದಲ್ಲಿಯೇ ಇಬ್ಬರನ್ನೂ ಸಾಯಿಸಿಬಿಟ್ಟಿತು. ಆಗ ಪ್ರಕಾಶಕರು ಮರುಮುದ್ರಣದಲ್ಲಿ ಆ ಪಾತ್ರಗಳಿಗೆ ಬಿಲ್ಲಿ ಮತ್ತು ವಿಲ್ಕ್ಸ್ ಎಂದು ಹೆಸರು ಬದಲಿಸಿ ಕಥೆಯನ್ನು ಉಳಿಸಿಕೊಂಡರು. ಈ ತೇಪೆ ಕೆಲಸ ನನಗೆ ಅಷ್ಟೇನೂ ಹಿಡಿಸದು. 2016ರ ವಿಶೇಷ ಆವೃತ್ತಿಯಲ್ಲಿ ಮೂಲ ಹೆಸರುಗಳು ಮರಳಿದ್ದು ನ್ಯಾಯವೇ ಆಯಿತು.

ಪ್ರಭಾವ ಒಮ್ಮುಖವಾಗಿಯೇನೂ ಇಲ್ಲ. ಏಲಿಯನ್ ಮತ್ತು ಪ್ರಿಡೇಟರ್ (ಇನ್ನೊಂದು ಸಿನಿಮಾ ಸರಣಿಯ ಅನ್ಯಲೋಕದ ಬೇಟೆಗಾರ) ಜೀವಿಗಳ ಸೆಣಸಾಟ ಮೊದಲು ನಡೆದದ್ದು ಕಾಮಿಕ್ಸ್ ಪುಟಗಳಲ್ಲಿ. ಅದೇ ಹೆಸರಿನ ಸಿನಿಮಾ ಬಂದದ್ದು 2004ರಲ್ಲಿ. ಹೋಲಿಕೆಗೆ ನೋಡಿದರೆ, ಸ್ಟಾರ್ ವಾರ್ಸ್ ಸಿನಿಮಾ ಸರಣಿಯ ವಿಷಯದಲ್ಲಿ ಮಾತ್ರ ಅದರ ನಿರ್ಮಾಣ ಸಂಸ್ಥೆ ಲೂಕಸ್‌ಫಿಲ್ಮ್ 2014ರಲ್ಲಿ ಹಳೆಯ ಕಾಮಿಕ್ಸ್‌ಗಳನ್ನು ಅಧಿಕೃತ ಕಥೆಯ ಹೊರಗಿನ ಲೆಜೆಂಡ್ಸ್ ಎಂದು ಬೇರ್ಪಡಿಸಿ, ಆಮೇಲಿನವುಗಳನ್ನು ಅಧಿಕೃತ ಕಥೆಯೊಳಗೆ ಸೇರಿಸಿಕೊಂಡಿತು.

ನೀವು ಪ್ರಶ್ನೆಯಲ್ಲಿ ತಿಳಿಸಿದಂತೆ ತುಮಕೂರಿನ ಅಂಗಡಿಗಳಲ್ಲಿ ಇವು ಸಿಗದಿದ್ದರೆ, ಬೆಂಗಳೂರಿನ ದೊಡ್ಡ ಪುಸ್ತಕದಂಗಡಿಗಳಲ್ಲಿ ವಿಚಾರಿಸಿ ಅಥವಾ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ. ಮೊದಲ ಎರಡು ಚಿತ್ರಗಳನ್ನು ನೋಡಿದ್ದರೆ 1988ರ ಸರಣಿಯನ್ನು ನೇರವಾಗಿ ಓದಬಹುದು.